ಶಕುಂತಲಾ ಬಡಿಗೇರರ ಭಯ

ಧಾರವಾಡದ ಒಂದು ಗ್ರಂಥಾಲಯದಲ್ಲಿ ಭಯರುಚಿಮಾಪಕ ಬಂದ ಮೇಲೆ ದೆವ್ವದ ಕಥೆ ಕೇಳಿಕೊಂಡು ಬರುವವರ ಸಾಲು ಬಾಗಿಲು ದಾಟಿತ್ತು. ಓದುಗರು ತಾಮ್ರದ ತಟ್ಟೆಯ ಮೇಲೆ ಅಂಗೈ ಇಟ್ಟು ಪರದೆಯ ಮೇಲೆ ಮೂಡುವ ಸಾಲುಗಳನ್ನು ಓದಬೇಕು. ನಾಡಿ, ಬೆವರು, ಬೆರಳಿನ ಶಾಖ ಇವುಗಳಿಂದ ಯಂತ್ರವು ಆ ಮನುಷ್ಯನ ಭಯದ ರುಚಿಯನ್ನು ಗುರುತಿಸಿ, ತಕ್ಕ ಪುಸ್ತಕ ಸೂಚಿಸುತ್ತಿತ್ತು. ಕೆಲವರಿಗೆ ಪಾಳುಮನೆ ಬೇಕು, ಕೆಲವರಿಗೆ ರಕ್ತ. ಇನ್ನು ಕೆಲವರಿಗೆ ಬರಿಯ ಹೆಜ್ಜೆಸಪ್ಪಳವೇ ಸಾಕು. "ಎಲ್ಲರಿಗೂ ಒಂದೇ ದೆವ್ವ ಹಿಡಿಯೋದಿಲ್ಲ" ಎನ್ನುತ್ತಿದ್ದರು ಅದನ್ನು ನಿರ್ಮಿಸಿದ ವಿಜ್ಞಾನಿ ಮೇಧಾ ಇನಾಂದಾರ್.

ಒಂದು ದಿನ ಯಂತ್ರದ ಮುಂದೆ ಕುಳಿತವರು ಹೊಲಿಗೆ ಕಲಿಸುವ ಶಕುಂತಲಾ ಬಡಿಗೇರ್.

"ನಾ ಹುಡುಗಿ ಇದ್ದಾಗಿಂದ ದೆವ್ವದ ಪುಸ್ತಕ ಓದ್ತೀನ್ರಿ. ಈಗೀಗ ಯಾವುದೂ ಅಂಜಿಸವಲ್ದು. ಚಲೋದೊಂದು ಹುಡುಕಿ ಕೊಡ್ರಿ."

ಪಾಳುಮನೆಯ ಸಾಲುಗಳಿಗೆ ಯಂತ್ರದ ಅಳತೆಯ ಮುಳ್ಳು ಅಲುಗಲಿಲ್ಲ. ಶವ ಎದ್ದು ಕುಳಿತಾಗಲೂ ಅಷ್ಟೇ. ಆಮೇಲೆ ಒಂದು ಸಪ್ಪೆ ಸನ್ನಿವೇಶ ಬಂತು. ಆಸ್ಪತ್ರೆಯ ಪಡಸಾಲೆಯಲ್ಲಿ ಹೆಂಗಸೊಬ್ಬಳು ತನ್ನ ಹೆಸರು ಕೂಗುವುದನ್ನೇ ಕಾಯುತ್ತಿದ್ದಾಳೆ. ಮುಳ್ಳು ನೆಗೆದು ಕೊನೆಯ ಗೆರೆಗೆ ಬಡಿಯಿತು. ಯಂತ್ರ ಉತ್ಸಾಹದಿಂದ ಆಸ್ಪತ್ರೆಯ ಭೀಕರ ಕಥೆಗಳ ಹೆಸರುಗಳನ್ನು ತೋರಿಸತೊಡಗಿತು.

ಶಕುಂತಲಾ ಕೈ ಕಿತ್ತುಕೊಂಡರು. "ಕೆಟ್ಟೇತ್ರಿ ನಿಮ್ಮ ಮಷೀನು!"

ಮೇಧಾ ಪರದೆಯನ್ನು ಆರಿಸಿ, ಅವರನ್ನು ಒಳಕೋಣೆಗೆ ಕರೆದೊಯ್ದು ನೀರು ಕೊಟ್ಟರು. "ಕೆಟ್ಟಿಲ್ಲ ಅಂತ ಕಾಣಸ್ತದರಿ. ಏನಾಗ್ಯದ?"

ಸೆರಗನ್ನು ಬಿಗಿಯಾಗಿ ಹೊದ್ದುಕೊಂಡು ಶಕುಂತಲಾ ಹೇಳಿದರು: "ಎದಿಯಾಗ ಗಂಟ ಐತ್ರಿ. ದೀಪಾವಳಿಯಿಂದ. ನಮ್ಮವ್ವ ಇದರಾಗ ಹೋದ್ಲು. ಮನ್ಯಾಗ ಯಾರಿಗೂ ಹೇಳಿಲ್ಲ."

"ತೋರಿಸಿಕೊಂಡಿಲ್ಲೇನು?"

"ತೋರಿಸಿದ್ರ ಖರೇ ಆಗ್ತದಲ್ರಿ."

ಮೇಧಾ ಭಯದ ಶರೀರಶಾಸ್ತ್ರವನ್ನು ಬಲ್ಲವರು. ದೊಡ್ಡ ಭಯವೊಂದು ಒಳಗೆ ಬೀಡುಬಿಟ್ಟರೆ ಸಣ್ಣ ಭಯಗಳಿಗೆ ದೇಹ ಸ್ಪಂದಿಸದಿರಬಹುದು ಎಂದು ವಿವರಿಸಲು ಬಾಯಿ ತೆರೆದರು. ಆ ಮಾತನ್ನು ಅಲ್ಲಿಗೇ ಬಿಟ್ಟು, "ನಡೀರಿ ದವಾಖಾನಿಗೆ, ನಾನೂ ಬರ್ತೀನಿ" ಎಂದರು.

ಮರುದಿನವೇ ಪರೀಕ್ಷೆಯಾಯಿತು. ಫಲಿತಾಂಶಕ್ಕಾಗಿ ಕಾಯುವ ಬೆಂಚಿನ ಮೇಲೆ ಶಕುಂತಲಾ ಮೇಧಾರ ಮುಂಗೈಯನ್ನು ಉಗುರು ಊರುವಷ್ಟು ಬಿಗಿಯಾಗಿ ಹಿಡಿದಿದ್ದರು. ಹೆಸರು ಕೂಗಿದರು. ವೈದ್ಯೆ ನಗುತ್ತಲೇ ಹೇಳಿದರು: ಬರೀ ನೀರು ತುಂಬಿದ ಗಂಟು, ಕೆಡುಕಿನದಲ್ಲ. ಸೂಜಿಯಿಂದ ನೀರು ತೆಗೆದಾಗಿದೆ, ವರ್ಷಕ್ಕೊಮ್ಮೆ ಬಂದು ತೋರಿಸಿ ಹೋದರೆ ಸಾಕು.

ಶಕುಂತಲಾ ಹೊರಬಂದು ಗೋಡೆಗೆ ಒರಗಿ ಅತ್ತರು, ಅಳುತ್ತಲೇ ನಕ್ಕರು. "ಹಸಿವಾಗೇತ್ರಿ. ದೀಪಾವಳಿಯಿಂದ ಉಂಡದ್ದು ರುಚಿ ಹತ್ತಿಲ್ಲ." ಎದುರಿನ ಅಂಗಡಿಯಲ್ಲಿ ಇಬ್ಬರೂ ಗಿರಮಿಟ್ಟು, ಮಿರ್ಚಿ ಭಜಿ ತಿಂದರು. ಮೇಧಾರಿಗೆ ಖಾರ ನೆತ್ತಿಗೇರಿತು. ಶಕುಂತಲಾ ಇನ್ನೊಂದು ಪ್ಲೇಟು ಹೇಳಿದರು.

ಆ ವಾರ ಮೇಧಾ ಯಂತ್ರವನ್ನು ತಿದ್ದಿದರು. ಮುಳ್ಳು ಹಾಗೆ ನೆಗೆದರೆ ಅದು ಇನ್ನು ಪುಸ್ತಕ ಸೂಚಿಸುವುದಿಲ್ಲ. ಒಳಕೋಣೆಯಲ್ಲಿ ಗಂಟೆ ಬಾರಿಸುತ್ತದೆ, ಅಲ್ಲಿರುವವರು ಎದ್ದು ಬಂದು ಓದುಗರ ಪಕ್ಕ ಕೂರುತ್ತಾರೆ. ಭಯದ ಪುಸ್ತಕ ಹುಡುಕಿ ಬಂದ ಎಷ್ಟೋ ಜನ ಬರಿಗೈಯಲ್ಲಿ, ಆದರೆ ಹಗುರಾಗಿ ಮನೆಗೆ ಹೋದರು.

ಶಕುಂತಲಾ ಮಾತ್ರ ಪಾಳುಮನೆಯ ಕಾದಂಬರಿಯೊಂದನ್ನು ಒಯ್ದಿದ್ದರು. ಒಂದು ಮಧ್ಯಾಹ್ನ ಅವರ ಫೋನು ಬಂತು.

"ಮೇಡಂ, ಎಂಥಾ ಪುಸ್ತಕ ಕೊಟ್ಟೀರಿ! ನಡುಹಗಲಾಗ ಹಾಲಿನಾಕಿ ಬಾಗಿಲ ಬಡದ್ರ ಚೀರಿಬಿಟ್ನಿ. ಬಚ್ಚಲಕ್ಕ ಹೋಗಾಕ ಜೋಡಿ ಬೇಕಾಗೇತಿ. ನಮ್ಮ ಮನಿಯವ್ರು ಹೊಟ್ಟಿ ಹಿಡಕೊಂಡು ನಗಾಕತ್ತಾರ!"

"ಹಂಗಾರ ವಾಪಸ್ ತಂದುಬಿಡ್ರಿ."

"ಏ, ಬಿಡ್ರಿ! ಇನ್ನೂ ಅರ್ಧ ಐತಿ!"