ಪೀರಪ್ಪ ಅರ್ಧಕ್ಕೆ ಬಿಟ್ಟ ಕಾರು

"ಗುಜರಿಗೆ ಹಾಕ್ರಿ, ತುಕಡಿ ಮಾಡಿ ಮಾರ್ರಿ. ಕೂಡಿಸೂದು ಮಾತ್ರ ಬ್ಯಾಡ್ರಿ ಸರ," ಎಂದಳು ಮಲ್ಕಮ್ಮ.

ಕಮಲಾಪುರದ ಆ ತಗಡಿನ ಶೆಡ್ಡಿನಲ್ಲಿ ಕೊಳೆತ ಬಾಳೆದಿಂಡಿನ, ಹಳೆಯ ಗ್ರೀಸಿನ ನಾತ. ನಡುವೆ ಅರ್ಧ ಬಿಚ್ಚಿದ ಲ್ಯಾಂಡ್‌ಮಾಸ್ಟರ್ ಕಾರು. ಅವಳ ಗಂಡ ಪೀರಪ್ಪ ಅದನ್ನು ರಿಪೇರಿ ಮಾಡುತ್ತಲೇ ಸತ್ತಿದ್ದ. ಕಾರು ಅಣ್ಣನ ಪಾಲಿಗೆ ಹೋಯಿತೆಂಬ ಹೊಟ್ಟೆಯುರಿಗೆ ತಮ್ಮ ಭಾಗಪ್ಪ ಮಾಟ ಮಾಡಿಸಿದ್ದನಂತೆ: ಗಾಡಿ ಕೂಡಿಸಿದವರ ಮೈ ಬಿಚ್ಚಬೇಕು.

"ಬಾಗಲಾ ಕೂಡಿಸಿದ್ರು, ಕಿವಿ ಹರೀತು. ಗಾಲಿ ಹಾಕಿದ್ರು, ಕಾಲು ಹೋತು. ಆಮ್ಯಾಲ ಅವರೇ ಹೋದ್ರು."

"ಹಂಗಾರ ಸ್ಪೇರ್ ಪಾರ್ಟ್ ಕಮ್ಮಿ ಬಿದ್ದಾವ ಅನ್ನು," ಎಂದು ನಕ್ಕ ದತ್ತಪ್ಪ. ಕಲಬುರಗಿಗೆ ಹೊಸದಾಗಿ ವರ್ಗವಾಗಿ ಬಂದ ವಿಜ್ಞಾನದ ಮಾಸ್ತರ. ಮನೆಯ ಸಾಮಾನಿನ್ನೂ ಬಿಚ್ಚಿರಲಿಲ್ಲ, ಆಗಲೇ ಹಳೇ ಕಾರಿನ ಹುಚ್ಚು.

ಗಾಡಿ ಕೊಂಡು ತಂದು, ಜೇವರ್ಗಿ ಕಾಲೋನಿಯ ತನ್ನ ಮನೆಯಂಗಳದಲ್ಲಿ ಅದರ ಬಾಗಿಲಿನ ಪುಟ್ಟಿ ಕೆರೆದಾಗ ಒಳಗೆ ಮೊಳೆ ಚುಚ್ಚಿದ ಹಿಟ್ಟಿನ ಗೊಂಬೆ ಸಿಕ್ಕಿತು. ಶಿಳ್ಳೆ ಹೊಡೆಯುತ್ತ ಅದನ್ನು ಚರಂಡಿಗೆ ಎಸೆದ. ಎಂಜಿನ್ನಿಗೆ ಫ್ಯಾನು ಕೂಡಿಸಿದ ದಿನ ಫ್ಯಾನು ತಾನಾಗಿ ತಿರುಗಿತು. ಅವನ ಎರಡು ಬೆರಳು ಹಾರಿ ಮಣ್ಣಿಗೆ ಬಿದ್ದವು. ಗಾಡಿಗೆ ಬ್ಯಾಟರಿಯೇ ಇರಲಿಲ್ಲ.

ಆಮೇಲೆ ಅವನು ಶಿಳ್ಳೆ ಹೊಡೆಯಲಿಲ್ಲ. ಹೆಂಡತಿ ಶೇವಂತಾಗೆ ಕೈ ಜಾರಿತೆಂದಷ್ಟೇ ಹೇಳಿದ.

ಆಯುಧಪೂಜೆಗೆ ಒಂದೇ ದಿನ ಉಳಿದಿತ್ತು. ಅರೆಬರೆ ಗಾಡಿಗೆ ಪೂಜೆ ಮಾಡುವಂತಿಲ್ಲ. ಶಾಲೆಯವರನ್ನೆಲ್ಲ ಕರೆದು ಜಂಬ ಕೊಚ್ಚಿಕೊಂಡದ್ದೂ ಆಗಿತ್ತು. ಉಳಿದದ್ದು ಫ್ಯಾನಿನ ಮುಂದಿನ ರೇಡಿಯೇಟರಿನ ಒಂದೇ ಬೋಲ್ಟು. ಅವನ ಕೈ ಅದರತ್ತ ಏಳಲೊಲ್ಲದು.

"ಹೊಸಾ ತೊಟ್ಟಲಾ ಕಟ್ಟಾಕ ಎಲ್ರೂ ನನ್ನೇ ಕರೀತಾರ. ನನ್ನ ಕೈಗುಣ ಛಲೋ ಅದ," ಎಂದಳು ಶೇವಂತಾ. "ಆಖರಿ ಬೋಲ್ಟ್ ನಾ ಬಿಗೀತೀನ್ರಿ. ನಿಮ್ಮ ಗಾಯ ಇನ್ನಾ ಹಸಿ ಅದ."

ಮಾಟ ಸುಳ್ಳಾಗಿದ್ದರೆ ಅವನೇ ಬಿಗಿಯಬಹುದಿತ್ತು. ನಿಜವಾಗಿದ್ದರೆ ಒಂದು ಮಾತು ಹೇಳಬಹುದಿತ್ತು. ಎರಡೂ ಮಾಡಲಿಲ್ಲ, ಹೇಡಿ. ಅವಳ ಕೈಗೆ ಪಾನಾ ಕೊಟ್ಟು ಗೇಟಿನ ಹತ್ತಿರ ಹೋಗಿ ನಿಂತ.

ಸುಡು ಮಧ್ಯಾಹ್ನ. ಬಳೆಗಳ ಸದ್ದು. ಪಾನಾ ತಿರುಗಿತು. ಮತ್ತೆ ತಿರುಗಿತು. ಬೋಲ್ಟು ಬಿಗಿಯಾಯಿತು.

ಕೂದಲು ಸುಟ್ಟ ವಾಸನೆ. ಫ್ಯಾನು ಗುರ್ರೆಂದಿತು. ಜಡೆ ಸಿಕ್ಕಿತು. ತಲೆಯನ್ನು ಒಳಗೆಳೆಯಿತು. "ರೀ, ಎಳೀರಿ!" ಕೈ ಚಾಚಿದಳು. ಬೆರಳುಗಳು ಗಾಳಿ ಹಿಡಿದವು. ಅವನು ಎರಡು ಹೆಜ್ಜೆ ಇಟ್ಟ. ನಿಂತ. ತನ್ನ ಕೈ ನೋಡಿಕೊಂಡ. ಅಲಗು ಎಲುಬಿಗೆ ಬಡಿಯಿತು. ಗಾಜಿನ ಮೇಲೆ ರಕ್ತ ಸಿಡಿಯಿತು. ಬಳೆ ಒಡೆದವು. ಕಾಲು ಒದ್ದಾಡಿ ಸುಮ್ಮನಾದವು. ಆಗ ಫ್ಯಾನು ನಿಂತಿತು.

ಓಣಿಯೇ ಕೂಡಿತು. ಪಕ್ಕದ ಮನೆಯ ಹಲೀಮಾ ತನ್ನ ದುಪಟ್ಟಾ ತೆಗೆದು ಹೆಣದ ಮುಖ ಮುಚ್ಚಿದಳು. ಮುಚ್ಚಲು ಮುಖವೆಂಬುದು ಹೆಚ್ಚೇನೂ ಉಳಿದಿರಲಿಲ್ಲ.

"ಮಿಸ್ತ್ರಿ ಕೆಲಸ ಅಕ್ಕಗ ಯಾರು ಹಚ್ಚಿದ್ರಿ ಸರ?" ಎಂದು ಕೇಳಿದಳು.

"ಆಕಿನೇ ಮಾಡ್ತೀನಿ ಅಂದಳು," ಎಂದ ದತ್ತಪ್ಪ.

ಹೇಳಿದ್ದು ಸುಳ್ಳಾಗಿರಲಿಲ್ಲ. ಎಲ್ಲರೂ ನಂಬಿದರು. ಪಾಪ ಮಾಸ್ತರ ಎಂದು ಅವನನ್ನು ಹಿಡಿದು ಕೂರಿಸಿ, ನೀರು ಕುಡಿಸಿದರು.