ಪಕ್ಕದ ಸೀಟಿನ ಐವತ್ತನಾಲ್ಕು ಕಿಲೋ

"ಅಲ್ಲಿ ಕೂರಬೇಡಿ. ಅಲ್ಲಿ ಆಗಲೇ ಒಬ್ರು ಕೂತಿದ್ದಾರೆ."

ಬಾಗಿಲ ಹಿಡಿಯ ಮೇಲಿಟ್ಟ ಕೈಯನ್ನು ಅವಳು ಬೆಂಕಿ ಮುಟ್ಟಿದವಳಂತೆ ಹಿಂದಕ್ಕೆಳೆದುಕೊಂಡಳು. ಬೆಳಗಿನ ಹತ್ತು ಗಂಟೆಯಾಗಿದ್ದರೂ ಗಾಡಿಗಳ ಪರೀಕ್ಷಾ ಅಂಗಳದಲ್ಲಿ ಮಂಜು ಕರಗಿರಲಿಲ್ಲ. ಒದ್ದೆ ಗಾಜಿನಾಚೆ, ಪಕ್ಕದ ಸೀಟಿನಲ್ಲಿ, ಬೆಲ್ಟ್ ಬಿಗಿದುಕೊಂಡು ಯಾರೋ ತಲೆ ತಗ್ಗಿಸಿ ಕೂತಿದ್ದರು. ಬೂದು ಬಣ್ಣ. ಮುಖವೇ ಇಲ್ಲ...

ಅವಳು ಎರಡು ಹೆಜ್ಜೆ ಹಿಂದಕ್ಕೆ ಸರಿದಳು.

"ಮರಳಿನ ಮೂಟೆ ಮೇಡಂ," ಎಂದ ಅವನು, ನಗದೆ. "ಅರವತ್ತೆಂಟು ಕಿಲೋ. ಒಬ್ಬ ಮನುಷ್ಯನ ಲೆಕ್ಕ."

ಅವನು ಗಾಡಿ ಓಡಿಸಿ ಪರೀಕ್ಷಿಸುವವನು. ಬೇಕಾದಷ್ಟೇ ಬಾಯಿ ಬಿಡುವ ಸ್ವಭಾವ. ಅದಕ್ಕೇ ಅಂಗಳದವರು ಅವನಿಗೆ 'ಮೌನಿ' ಎಂದು ಹೆಸರಿಟ್ಟಿದ್ದರು. ಅವಳು ಕಂಪನಿಯಲ್ಲಿ ಬೆಲೆ ಕಟ್ಟುವವಳು. ಎಲ್ಲರ ಬಾಯಲ್ಲೂ 'ಬೆಲೆ ಮೇಡಂ'.

ಕಲ್ಲು, ಕೆಸರು, ಕಡಿದಾದ ಏರು ಯಾವುದಕ್ಕೂ ಅಂಜದ ಈ ಹೊಸ ಗಾಡಿಗೆ ಎಷ್ಟು ಬೆಲೆ ಇಡಬೇಕೆಂದು ಇನ್ನೊಂದು ತಿಂಗಳಲ್ಲಿ ಅವಳು ಹೇಳಬೇಕಿತ್ತು. ಪೇಟೆಯಲ್ಲಿ ಆಗಲೇ ಎರಡು ಎದುರಾಳಿ ಗಾಡಿಗಳಿದ್ದವು. ಒಂದು ಅಗ್ಗದ್ದು, ಒರಟು, ಎಲ್ಲಿ ಬಿಟ್ಟರೂ ನುಗ್ಗುವಂಥದ್ದು. ಅಂಗಳದವರ ಭಾಷೆಯಲ್ಲಿ 'ಕೋಣ'. ಇನ್ನೊಂದು ದುಬಾರಿ, ಮೆತ್ತನೆ ಸೀಟಿನದು, 'ರಾಣಿ'. ತಮ್ಮ ಗಾಡಿಗೆ ಇಟ್ಟ ಹೆಸರು 'ಕುಳ್ಳ'. ಕೋಣ ಮತ್ತು ರಾಣಿಯ ನಡುವೆ ಕುಳ್ಳ ಎಲ್ಲಿ ನಿಲ್ಲುತ್ತಾನೆ? ಪ್ರಶ್ನೆ ಅಷ್ಟೇ.

ಮೂಟೆ ಇಳಿಸಿ, ನಾನೇ ಕೂರುತ್ತೇನೆ ಎಂದಳು. ಕೂರಬೇಕಾದರೆ ತೂಗಬೇಕು, ಅದು ಅಂಗಳದ ಕಟ್ಟಳೆ. ತೂಕದ ಕಟ್ಟೆ ನೋಡಿಕೊಳ್ಳುತ್ತಿದ್ದವರು ಅವಳ ಸೋದರಮಾವನೇ. ಮುಳ್ಳು ನಿಂತದ್ದೇ ತಡ, ಇಡೀ ಅಂಗಳಕ್ಕೆ ಕೇಳುವಂತೆ ಕೂಗಿದರು.

"ಐವತ್ತನಾಲ್ಕು! ಅಕ್ಕ ನಿನಗೆ ಊಟ ಹಾಕ್ತಾಳೋ, ಬರೀ ಬೈತಾಳೋ?"

ನಾಚಿಕೆಯಿಂದ ಅವಳ ಕಿವಿ ಕೆಂಪಾಯಿತು. ಮೌನಿ ಮಾತ್ರ ಏನೂ ಕೇಳದವನಂತೆ ಬಾಗಿಲು ತೆರೆದು ಹಿಡಿದ.

ಪರೀಕ್ಷೆಯ ದಾರಿ ಹಳೆಯ ಕಲ್ಲುಗಣಿಯ ಅಂಚಿನಲ್ಲಿತ್ತು. ನಾಲ್ಕು ತಿರುವು, ಕೆಳಗೆ ಕಪ್ಪು ನೀರು. ಎಷ್ಟೋ ವರ್ಷದಿಂದ ಅಲ್ಲಿ ಕಲ್ಲು ಒಡೆದಿರಲಿಲ್ಲ. ಹಕ್ಕಿಯ ದನಿಯೂ ಇಲ್ಲ. ನಾಲ್ಕನೇ ತಿರುವಿನಲ್ಲಿ ಅವನು ಹಾರ್ನ್ ಒತ್ತಿದ. ಪ್ರತಿಧ್ವನಿ ಬರಲಿಲ್ಲ. ಗಾಡಿ ತಿರುವು ದಾಟಿ ಎಷ್ಟೋ ಮುಂದೆ ಹೋದ ಮೇಲೆ ಬಂತು, ಬೇರೆ ಯಾರೋ ಒತ್ತಿದಂತೆ.

"ಇಲ್ಲಿ ಪ್ರತಿಧ್ವನಿಗೆ ಹೊತ್ತುಗೊತ್ತು ಇಲ್ಲ ಮೇಡಂ," ಎಂದ. "ಒಮ್ಮೊಮ್ಮೆ ಹಾರ್ನ್ ಒತ್ತೋಕೆ ಮುಂಚೇನೇ ಕೇಳಿಸಿದ ಹಾಗಿರುತ್ತೆ."

ಅವಳು ಶಾಲನ್ನು ಬಿಗಿಯಾಗಿ ಹೊದ್ದುಕೊಂಡಳು. ಅವನು ಅದನ್ನು ಗಮನಿಸಿದ.

"ಚಳಿ ಆಗ್ತಿದ್ಯಾ? ಗಾಜು ಏರಿಸಲಾ?"

ಎಷ್ಟು ಸಣ್ಣ ಮಾತು... ಆದರೆ ಅವಳಿಗೆ ಚಳಿ ಆಗುತ್ತಿದೆಯೇ ಎಂದು ಕೇಳಿದವರು ಯಾರಿದ್ದರು? ಸಭೆಗಳಲ್ಲಿ ಎಲ್ಲರೂ ಕೇಳುವುದು ಎಷ್ಟು, ಯಾವಾಗ, ಯಾಕೆ ಇಷ್ಟು ತಡ ಎಂದು ಮಾತ್ರ.

ಇಳಿಯುವ ಮುಂಚೆ, ತಾನು ಎಲ್ಲರನ್ನೂ ಕೇಳುವ ಪ್ರಶ್ನೆಯನ್ನೇ ಅವನನ್ನೂ ಕೇಳಿದಳು. ಸ್ವಂತ ದುಡ್ಡಲ್ಲಾದರೆ ಇದಕ್ಕೆ ಎಷ್ಟು ಕೊಡುತ್ತೀರಿ? ಕೋಣಕ್ಕಿಂತ ಒಂದು ಮೆಟ್ಟಿಲು ಮೇಲೆ ಕೊಡಬಹುದು, ರಾಣಿಯ ಹತ್ತಿರ ಹೋದರೆ ಜನ ನಗುತ್ತಾರೆ ಎಂದ. ಬೆಣ್ಣೆ ಹಚ್ಚದ ಉತ್ತರ. ಅವಳಿಗೆ ಹಿಡಿಸಿತು. ಉತ್ತರವೋ, ಉತ್ತರಿಸಿದವನೋ ಎಂದು ಅವತ್ತು ಅವಳು ತನ್ನನ್ನು ಕೇಳಿಕೊಳ್ಳಲಿಲ್ಲ.

*

ಗಾಡಿ ಓಡಿಸುವಾಗ ಕೈಗೆ ಬಿಡುವಿರುವುದಿಲ್ಲವಲ್ಲ, ಹಾಗಾಗಿ ಪರೀಕ್ಷಕರು ಕಂಡದ್ದನ್ನೆಲ್ಲ ಪುಟ್ಟ ರೆಕಾರ್ಡರಿಗೆ ಹೇಳುತ್ತಾ ಹೋಗುತ್ತಾರೆ. ಅದನ್ನು ಕೇಳಿ, ಮೂರೂ ಗಾಡಿಗಳನ್ನು ಹೋಲಿಸಿ ಬರೆಯುವುದು ಅವಳ ಕೆಲಸ. ಕೋಣ, ರಾಣಿ ಇಬ್ಬರದ್ದೂ ಮುಗಿದಿತ್ತು. ಈಗ ದಿನವೂ ಕುಳ್ಳನ ಸರದಿ.

"ಎರಡನೇ ಗೇರ್. ಏರು ಸಲೀಸು. ಹಿಂದಿನ ಚಕ್ರ ಸ್ವಲ್ಪ ಜಾರಿತು."

ಮೊದಲ ವಾರ ಇಷ್ಟೇ. ಎರಡನೇ ವಾರದ ಒಂದು ಬೆಳಿಗ್ಗೆ ಅವಳ ಪೆನ್ನು ಹಾಳೆಯ ಮೇಲೆ ನಿಂತೇಬಿಟ್ಟಿತು.

"ಹಳ್ಳ ಬಂತು, ತಲೆ ಹುಷಾರು... ಚಳಿ ಆಗ್ತಿದ್ಯಾ? ಗಾಜು ಏರಿಸಲಾ?"

ಅದೇ ಮಾತು. ಅದೇ ಮೆತ್ತನೆ ದನಿ. ಯಾರಿಗೆ?

ಮಾರನೆಯ ದಿನವೂ ಇತ್ತು. ಅದರ ಮಾರನೆಯ ದಿನವೂ. ತನ್ನ ಬಾಲ್ಯ, ತಂಗಿಯ ಮದುವೆ, ತನಗೆ ಮಾತು ಯಾಕೆ ಕಡಿಮೆ ಎಂಬುದು... ಅಂಗಳದಲ್ಲಿ ದಿನಕ್ಕೆ ಹತ್ತು ಮಾತಾಡದವನು ಪಕ್ಕದ ಸೀಟಿನವರ ಮುಂದೆ ಎದೆ ಬಿಚ್ಚುತ್ತಿದ್ದ. ಹೊರಗಿನವರನ್ನು ಹತ್ತಿಸಿಕೊಂಡರೆ ಕೆಲಸ ಹೋಗುತ್ತದೆ ಎಂದು ಅವನಿಗೆ ಗೊತ್ತಿಲ್ಲವೇ? ಅಷ್ಟು ಬೇಕಾದವಳೇ ಅವಳು?

ನನಗೇನು, ಎಂದುಕೊಂಡಳು. ಎದೆಯೊಳಗೆ ಮಾತ್ರ ಯಾರೋ ಹಸಿಗಾಯಕ್ಕೆ ಉಪ್ಪು ಸವರಿದಂತಿತ್ತು.

ಹತ್ತೊಂಬತ್ತನೇ ದಿನದ ಧ್ವನಿಮುದ್ರಣದಲ್ಲಿ ನಾಲ್ಕನೇ ತಿರುವು ಬಂತು. ಅವನು ಏನೋ ಕೇಳಿದ; ಎಂಜಿನ್ನಿನ ಗದ್ದಲದಲ್ಲಿ ಕಳೆದುಹೋಯಿತು. ಆಮೇಲೆ, ತೀರಾ ಹತ್ತಿರದಿಂದ, ಒಂದು ಹೆಣ್ಣುದನಿ.

"ಹೂಂ. ಮೊದಲು ನಿಲ್ಲಿಸಿ."

ತಕ್ಷಣ ಬ್ರೇಕಿನ ಕಿರುಚಾಟ. ಪೂರ್ತಿ ಒಂದು ನಿಮಿಷ ಅವನ ಉಸಿರಾಟ ಬಿಟ್ಟರೆ ಏನೂ ಇಲ್ಲ. ಕೊನೆಗೆ ಅವನ ವರದಿ: "ನಾಲ್ಕನೇ ತಿರುವು. ಬ್ರೇಕ್ ಚೆನ್ನಾಗಿ ಹಿಡೀತು."

ಅವಳು ಅದನ್ನು ಹನ್ನೊಂದು ಸಲ ಕೇಳಿದಳು. ಎಂದೂ ಕೇಳದ ದನಿ. ಆದರೂ ಎಲ್ಲೋ ತೀರಾ ಪರಿಚಯದ ದನಿ. ಇನ್ನೊಂದು ವಿಷಯ ಅವಳನ್ನು ಕಾಡಿತು. ಬಾಗಿಲು ತೆರೆದ ಸದ್ದು, ಮುಚ್ಚಿದ ಸದ್ದು ಇಡೀ ಧ್ವನಿಮುದ್ರಣದಲ್ಲಿ ಒಂದೇ ಒಂದು ಸಲ ಇತ್ತು. ಅವನು ಹತ್ತಿದಾಗ.

ಹಾಗಾದರೆ ಆ ಹೆಂಗಸು ಹತ್ತಿದ್ದು ಯಾವಾಗ?

*

ಅಂಗಳದಲ್ಲಿ ಅವನು ಚಕ್ರದ ಗಾಳಿ ನೋಡುತ್ತಿದ್ದ. ಪೀಠಿಕೆಯಿಲ್ಲದೆ ಕೇಳಿದಳು, ಪಕ್ಕದಲ್ಲಿ ಯಾರಿದ್ದರು ಎಂದು.

ಅವನ ಮುಖದ ಬಣ್ಣ ಇಳಿಯಿತು. "ಮರಳು," ಎಂದ.

"ಮರಳು ಮಾತಾಡುತ್ತಾ?"

ಅವನು ಚಕ್ರ ಬಿಟ್ಟು ಎದ್ದು ನಿಂತ. "ನಿಮಗೂ ಕೇಳಿಸಿತಾ?" ಎಂದ, ಪಿಸುದನಿಯಲ್ಲಿ.

ಅವಳಿಗೆ ಅದು ನಾಟಕದಂತೆ ಕಂಡಿತು. ನಾಳೆ ಕಂಪನಿಯ ದೊಡ್ಡವರಿಗೆ ಬರೆದು ಕೊಡುತ್ತೇನೆ ಎಂದಳು. ಬರೀರಿ ಮೇಡಂ ಎಂದು ಅವನು ಮತ್ತೆ ಚಕ್ರದ ಕಡೆ ತಿರುಗಿದ. ಅಷ್ಟೇ. ಬೇಡಿಕೊಳ್ಳಲೂ ಇಲ್ಲ, ಜಗಳಕ್ಕೂ ಬರಲಿಲ್ಲ. ಅದೇ ಅವಳನ್ನು ಹೆಚ್ಚು ಸುಟ್ಟಿತು.

ಕಣ್ಣು ಒರೆಸಿಕೊಳ್ಳುತ್ತಾ ತೂಕದ ಕಟ್ಟೆಯ ಹಿಂದೆ ನಿಂತಿದ್ದವಳನ್ನು ಮಾವ ನೋಡಿದರು. ಏನು, ಯಾಕೆ ಎಂದು ಕೆದಕಲಿಲ್ಲ. ಕುರ್ಚಿ ಎಳೆದು ಕೂರಿಸಿದರು. ಅವರ ಕಾಲ ಬಳಿ ಎರಡು ಮೂಟೆ ಇದ್ದವು. ದೊಡ್ಡದರ ಮೇಲೆ ಸೀಮೆಸುಣ್ಣದಲ್ಲಿ ಅರವತ್ತೆಂಟು ಎಂದಿತ್ತು. ಚಿಕ್ಕದರ ಮೇಲೆ ಐವತ್ತನಾಲ್ಕು.

"ಇದ್ಯಾವುದು ಮಾವ, ಐವತ್ತನಾಲ್ಕು?"

"ನೀನೇ ಹೇಳಿಕಳಿಸಿದ್ದು ಅಂದ್ಕೊಂಡಿದ್ದೆನಲ್ಲೇ," ಎಂದರು ಮಾವ. "ಎರಡು ವಾರದಿಂದ ಅದನ್ನೇ ತಗೊಂಡು ಹೋಗ್ತಾನೆ ಮೌನಿ. ಬೆಲ್ಟ್ ಹಾಕಿ, ಮೇಲೊಂದು ಶಾಲು ಬೇರೆ ಹೊದಿಸ್ತಾನೆ. ಹೊಸ ನಿಯಮ ಇರಬೇಕು ಅಂತ ನಾನು ಸುಮ್ಮನಾದೆ."

ಐವತ್ತನಾಲ್ಕು ಕಿಲೋ... ಶಾಲು... ಗಾಜು ಏರಿಸಲಾ...

ಅಯ್ಯೋ ಪುಣ್ಯಾತ್ಮ! ನನ್ನ ಜೊತೆ ಆಡಬೇಕಾದ ಮಾತನ್ನೆಲ್ಲ ಮೂಟೆಯ ಜೊತೆ ಆಡಿ ಮುಗಿಸಿದ್ದಾನೆ!

ಮರುಕ್ಷಣ ಅವಳೊಳಗಿನ ಬೆಲೆ ಮೇಡಂ ಎದ್ದು ಕೂತಳು. ಕೋಣ ಓಡಿದ್ದು ಅರವತ್ತೆಂಟರಲ್ಲಿ, ರಾಣಿಯೂ ಅರವತ್ತೆಂಟರಲ್ಲಿ. ಕುಳ್ಳ ಐವತ್ತನಾಲ್ಕರಲ್ಲಿ! ಹದಿನಾಲ್ಕು ಕಿಲೋಗೆ ಆಕಾಶವೇನೂ ಕಳಚಿ ಬೀಳುವುದಿಲ್ಲ. ಆದರೆ ಹೋಲಿಕೆ ಎಂದ ಮೇಲೆ ಹೋಲಿಕೆ. ಈ ಅಂಕಿಗಳ ಮೇಲೆ ಬೆಲೆ ಕಟ್ಟಿದರೆ ಅದು ಸುಳ್ಳು ಬೆಲೆ. ಹೇಳಿದರೆ ಅವನ ಕೆಲಸ ಹೋಗುತ್ತದೆ. ಹೇಳದಿದ್ದರೆ ತನ್ನ ಮಾತಿಗೆ ಬೆಲೆ ಇರುವುದಿಲ್ಲ.

ಹೇಳಲೇಬೇಕೆಂದು ಎದ್ದು ದೊಡ್ಡವರ ಕೋಣೆಗೆ ಹೋದಳು. ಅವನು ಅವಳಿಗಿಂತ ಮುಂಚೆಯೇ ಅಲ್ಲಿ ನಿಂತಿದ್ದ. ತೂಕ ತಪ್ಪು ಹಾಕಿದೆ, ಎರಡು ವಾರದ ಅಂಕಿ ಲೆಕ್ಕಕ್ಕೆ ಹಿಡಿಯಬೇಡಿ ಎಂದು ತಾನೇ ಒಪ್ಪಿಕೊಂಡಿದ್ದ. ಯಾಕೆ ಎಂಬುದನ್ನು ಮಾತ್ರ ಹೇಳಿರಲಿಲ್ಲ. ದೊಡ್ಡವರು ಮೇಜು ಕುಟ್ಟಿ ಕೂಗಾಡಿ, ಕೊನೆಗೆ ತಣ್ಣಗಾದರು. ನಾಳೆ ಒಂದೇ ದಿನದಲ್ಲಿ ಪೂರ್ತಿ ಪರೀಕ್ಷೆ ಮತ್ತೆ ಆಗಬೇಕು, ಇವನ ಮಾತು ಇನ್ನು ನಂಬುವುದಿಲ್ಲ, ಪಕ್ಕದಲ್ಲಿ ಸಾಕ್ಷಿ ಕೂರಬೇಕು, ಇಲ್ಲದಿದ್ದರೆ ಇವನು ಮನೆಗೆ ಎಂದರು.

"ನಾನು ಕೂರ್ತೀನಿ," ಎಂದಳು ಅವಳು.

*

ಮಾವ ಅವಳನ್ನು ತೂಗಿದರು. ಐವತ್ತನಾಲ್ಕು. ಹದಿನಾಲ್ಕು ಕಿಲೋದ ಪುಟ್ಟ ಮೂಟೆಯೊಂದನ್ನು ಕಟ್ಟಿ ಅವಳ ಮಡಿಲಿಗಿಟ್ಟರು. ಅರವತ್ತೆಂಟು ಸರಿಯಾಯಿತು.

ಮಂಜು ಅವತ್ತು ಬಾನೆಟ್ಟಿನವರೆಗೂ ಬಂದಿತ್ತು. ಮೂರನೇ ತಿರುವು ದಾಟಿದ ಮೇಲೆ ಅವಳೇ ಕೇಳಿದಳು, ಆ ದನಿ ಕೇಳಿಸಿದ ದಿನ ಮುಂದಿನ ತಿರುವಿನಲ್ಲಿ ಏನಾಯಿತು ಎಂದು.

ಅವನು ಹೇಳಿದ. ಅವತ್ತು ದಾರಿ ನೋಡದೆ ಮೂಟೆಯ ಕಡೆ ತಿರುಗಿ ಮಾತಾಡುತ್ತಿದ್ದನಂತೆ. ನಿಲ್ಲಿಸಿ ಎಂದು ಪಕ್ಕದಿಂದಲೇ ಕೇಳಿಸಿತಂತೆ. ಯೋಚಿಸದೆ ಬ್ರೇಕ್ ತುಳಿದು ತಲೆ ತಿರುಗಿಸಿ ನೋಡಿದರೆ ಮುಂದೆ ಎರಡೇ ಮಾರು ದೂರದಲ್ಲಿ ದಾರಿಯ ಅಂಚು ಕುಸಿದು ಗಣಿಯ ನೀರಿಗೆ ಬಿದ್ದಿತ್ತು. ಆಮೇಲೆ ಅಲ್ಲಿ ಕಲ್ಲು ತುಂಬಿಸಿ ಸರಿಪಡಿಸಿದ್ದರು.

"ಆ ದನಿ ಇಲ್ಲದಿದ್ರೆ ಇವತ್ತು ನಾನು ಇರ್ತಿರಲಿಲ್ಲ," ಎಂದ.

ಮಡಿಲಿನ ಮೂಟೆಯನ್ನು ಅವಳು ಅಪ್ಪಿ ಹಿಡಿದಳು.

"ಮೂಟೇನ ನೀವು ಏನು ಕೇಳ್ತಿದ್ರಿ ಅವತ್ತು?"

ನಾಲ್ಕನೇ ತಿರುವು ಮಂಜಿನಿಂದ ಎದ್ದು ಬಂತು. ಎಂಜಿನ್ ಏರಿಗೆ ಗದ್ದಲ ಮಾಡಿತು. ಅವನು ಪೂರ್ತಿ ಅವಳ ಕಡೆಗೆ ತಿರುಗಿದ.

"ಈ ಸೀಟಲ್ಲಿ... ಜೀವನಪೂರ್ತಿ ಕೂರ್ತೀರಾ ಅಂತ."

ಅವನ ಕಣ್ಣು ಅವಳ ಮುಖದ ಮೇಲಿತ್ತು. ದಾರಿಯ ಮೇಲೆ ಯಾರ ಕಣ್ಣೂ ಇರಲಿಲ್ಲ.

"ಹೂಂ. ಮೊದಲು ನಿಲ್ಲಿಸಿ!"

ಗಾಡಿ ಕಿರುಚಿ ನಿಂತಿತು.

ಮಾತು ಬಾಯಿಂದ ಹೊರಬಿದ್ದ ಮೇಲಷ್ಟೇ ಅವಳ ಕಿವಿಗೆ ಅದು ಬಿದ್ದಿತ್ತು. ಹನ್ನೊಂದು ಸಲ ಕೇಳಿದ ದನಿ. ತನ್ನ ದನಿ ಯಂತ್ರದಿಂದ ಬಂದರೆ ಯಾರಿಗೆ ತಾನೇ ಗುರುತು ಸಿಗುತ್ತದೆ? ಮುಂದೆ, ಹೊಸದಾಗಿ ತುಂಬಿದ ಕಲ್ಲುಗಳು ಮಂಜಿನಲ್ಲಿ ಗಟ್ಟಿಯಾಗಿ ಕೂತಿದ್ದವು. ಇವತ್ತು ನಿಲ್ಲಿಸುವ ಅಗತ್ಯವೇ ಇರಲಿಲ್ಲ.

ಗಣಿಯ ಕಡೆ ಕಿವಿಗೊಟ್ಟು ಕಾದರು. ಪ್ರತಿಧ್ವನಿ ಬರಲಿಲ್ಲ. ಬರಬೇಕಾದ ದಿನ ಅದು ಆಗಲೇ ಬಂದು ಹೋಗಿತ್ತು.

"ಅದು ಯಾರ ದನಿ ಅಂತ ನಿಮಗೆ ಗೊತ್ತಿತ್ತಾ?" ಅವಳ ಕಣ್ಣಲ್ಲಿ ನೀರು ನಿಂತಿತ್ತು.

"ಅವತ್ತೇ ಗೊತ್ತಾಯ್ತು."

"ಹೇಳಬಾರದಿತ್ತಾ?"

"ಹೇಳಿದ್ರೆ ನಂಬ್ತಿದ್ರಾ ಮೇಡಂ?"

"ಇನ್ನೊಂದು ಸಲ ಮೇಡಂ ಅಂದ್ರೆ ನಾನು ಇಲ್ಲೇ ಇಳೀತೀನಿ."

ಅವನು ನಕ್ಕ. ಅಂಗಳದಲ್ಲಿ ಯಾರೂ ಕಾಣದ ನಗು ಅದು. ಕೈ ಚಾಚಿ ಅವಳ ಕಡೆಯ ಗಾಜನ್ನು ಏರಿಸಿದ. ಈ ಸಲ ಕೇಳಲಿಲ್ಲ. ಆಮೇಲೆ ಅವಳ ಮಡಿಲಿನತ್ತ ನೋಡಿ, "ಭಾರ ಆಗ್ತಿದ್ಯಾ? ಮೂಟೆ ಹಿಂದಕ್ಕೆ ಇಡಲಾ?" ಎಂದ.

"ಮುಟ್ಟಬೇಡ ಅದನ್ನ," ಎಂದಳು ಅವಳು, ಕಣ್ಣೊರೆಸಿಕೊಂಡು. "ಹೋಲಿಕೆ ಕೆಡುತ್ತೆ. ದಾರಿ ನೋಡ್ಕೊಂಡು ಓಡಿಸು."