ಅಂಟಿಲ್ಲದ ಬಣ್ಣ

ಬಹಳ ಬಹಳ ಹಿಂದೆ, ಕೆಂಜಗೆರೆ ಎಂಬ ರಾಜ್ಯದಲ್ಲಿ, ವಸಂತ ಬಂತೆಂದರೆ ರಾಜನೂ ಬಡವನೂ ಒಂದೇ ಕೊಪ್ಪರಿಗೆಯ ಓಕುಳಿ ಆಡುತ್ತಿದ್ದರು. ಅಲ್ಲಿ ಚಿತ್ರಗಾರರ ಮನೆಯಲ್ಲಿ ಇಬ್ಬರು ಅಕ್ಕತಂಗಿಯರು. ತಾಯಿಯಿಲ್ಲದ ತಂಗಿ ನಿಂಬೆಕ್ಕನನ್ನು ಅಕ್ಕ ಸೋಮಲೆಯೇ ಸಾಕಿದ್ದಳು. ನಿಂಬೆಕ್ಕ ಬಣ್ಣ ಅರೆಯುವವಳು, ಮಾತೇ ಆಡಳು. “ನಿನ್ನ ಬಾಯಿಗೆ ಬೀಗ ಹಾಕಿದವರು ಯಾರೇ?” ಎಂದು ಅಕ್ಕ ರೇಗಿಸುತ್ತಿದ್ದಳು.

ಓಕುಳಿಯ ಬೆಳಿಗ್ಗೆ ಧೂಮಾಕ್ಷನೆಂಬ ಮಾಂತ್ರಿಕ ಅವರ ಮನೆಗೆ ಬಂದ. ಜನರ ನಗು ಕೇಳಿದರೆ ಅವನಿಗೆ ಕಿವಿ ನೋಯುತ್ತಿತ್ತು. ಹಬ್ಬದ ಚಿತ್ರ ಬರೆಯಬೇಕು, ಬಣ್ಣ ಕೊಡು ಎಂದ. ನಿಂಬೆಕ್ಕ ಅರೆದಳು. ಬಣ್ಣ ಗೋಡೆಯಲ್ಲಿ ನಿಲ್ಲಲು ಬೇವಿನ ಅಂಟು ಬೆರೆಸಬೇಕು. ಅಷ್ಟರಲ್ಲೇ ಅವನು ಬಟ್ಟಲು ಕಸಿದುಕೊಂಡು ನಡೆದ. ಅಂಟು ಹಾಕಿಲ್ಲ ಎಂಬ ಮಾತು ಅವಳ ಗಂಟಲಲ್ಲೇ ಉಳಿಯಿತು.

ಅರಮನೆಯ ಗೋಡೆಯ ಮೇಲೆ ಅವನು ರಾಜನನ್ನು ಬರೆದ, ರಾಜ ಗೋಡೆ ಸೇರಿದ. ಮದ್ದಳೆಯವನನ್ನು ಬರೆದ, ಮದ್ದಳೆಯವನೂ ಸೇರಿದ. ಪಿಚಕಾರಿ ಎತ್ತಿದ್ದ ಸೋಮಲೆಯೂ ಸೇರಿದಳು. ಊರೇ ಖಾಲಿಯಾಯಿತು.

ಅಕ್ಕನನ್ನು ಹುಡುಕಿ ಬಂದ ನಿಂಬೆಕ್ಕ ಗೋಡೆ ನೋಡಿದಳು. ಎಲ್ಲರದೂ ಪಕ್ಕಕ್ಕೆ ತಿರುಗಿದ ಮುಖ, ಮೀನಿನಂಥ ಒಂದೊಂದೇ ಕಣ್ಣು. ಕಣ್ಣೊರೆಸಿಕೊಂಡ ಕೈಯಲ್ಲೇ ಅಕ್ಕನ ಸೆರಗು ಮುಟ್ಟಿದಳು. ಒದ್ದೆ ಬೆರಳಿಗೆ ಬಣ್ಣ ಬಂತು. ಬಣ್ಣ ಹೋದಲ್ಲಿ ನಿಜವಾದ ಸೆರಗಿನ ತುದಿ ಗಾಳಿಗೆ ಅಲುಗಿತು.

ನೀರು ಬೇಕು. ಅರಮನೆಯ ತೋಟದ ಕೊಪ್ಪರಿಗೆಯಲ್ಲಿ ಓಕುಳಿ ಇತ್ತು. ಇನ್ನು ಯಾರೂ ಆಡಬಾರದೆಂದು ಮಾಂತ್ರಿಕ ಮೂರು ಕಾಡುಮೃಗಗಳನ್ನು ಮಂತ್ರ ಹಾಕಿ ತಂದು ಅದಕ್ಕೆ ಕಾವಲಿಟ್ಟಿದ್ದ.

ಬಾಗಿಲಲ್ಲಿ ಹುಲಿ. ಎಲ್ಲಿಗೆ ಎಂದಿತು. ಅಕ್ಕನನ್ನು ಕರೆತರೋಕೆ ಎಂದಳು. “ವರ್ಷವೂ ದೂರದಿಂದ ಹಬ್ಬ ನೋಡ್ತೀನಿ. ನನಗೆ ಮಾತ್ರ ಯಾರೂ ಬಣ್ಣ ಹಚ್ಚಲ್ಲ,” ಎಂದಿತು ಹುಲಿ. ಬೆರಳಿನ ಬಣ್ಣವನ್ನು ಅದರ ಹಣೆಗಿಟ್ಟಳು. ದಾರಿ ಬಿಟ್ಟಿತು.

ಮೆಟ್ಟಿಲಲ್ಲಿ ಹೆಬ್ಬಾವು. ಅದಕ್ಕೂ ಒಂದು ಬೊಟ್ಟು. ಅದೂ ದಾರಿ ಬಿಟ್ಟಿತು.

ಕೊಪ್ಪರಿಗೆಯ ಬಳಿ ಆನೆ. ಬೆರಳಲ್ಲಿ ಬಣ್ಣ ಮುಗಿದಿತ್ತು, ಕೊಪ್ಪರಿಗೆ ಮುಟ್ಟಲು ಆನೆ ಬಿಡದು. “ನಿನಗೆ ಹಚ್ಚೋಕೆ ಏನೂ ಉಳಿದಿಲ್ಲಣ್ಣ. ನಮ್ಮಕ್ಕ ಬರಲಿ, ಮೊದಲ ಬಣ್ಣ ನಿನಗೇ,” ಎಂದಳು. ಅವಳು ಒಟ್ಟಿಗೆ ಅಷ್ಟು ಮಾತಾಡಿದ್ದು ಅದೇ ಮೊದಲು.

ಆನೆ ನಂಬಿತು. ಸೊಂಡಿಲ ತುಂಬ ಓಕುಳಿ ಎಳೆದುಕೊಂಡು ಅವಳ ಹಿಂದೆ ಬಂದು ಗೋಡೆಗೆ ಎರಚಿತು. ಬಣ್ಣ ಇಳಿಯಿತು. ರಾಜ ಇಳಿದ, ಮದ್ದಳೆಯವ ಇಳಿದ. ಸೋಮಲೆ ಇಳಿದವಳೇ ಎತ್ತಿದ್ದ ಪಿಚಕಾರಿಯನ್ನು, ಗದ್ದಲ ಕೇಳಿ ಕಿವಿ ಮುಚ್ಚಿಕೊಂಡು ಓಡಿಬಂದ ಮಾಂತ್ರಿಕನ ಮುಖಕ್ಕೆ ಬಿಟ್ಟಳು. ಮಾಯೆಯೆಲ್ಲ ತೊಳೆದುಹೋಗಿ ಅವನು ಬರೀ ಒಬ್ಬ ಒದ್ದೆ ಮುದುಕನಾಗಿ ನಿಂತ.

ಅಂಟಿನ ವಿಷಯ ಅವನಿಗೇಕೆ ಹೇಳಲಿಲ್ಲ ಎಂದು ಅಕ್ಕ ಕೇಳಿದಳು. ನಾಚಿಕೆಯಾಯ್ತು ಎಂದಳು ತಂಗಿ. ಸೋಮಲೆ ಆ ಬಣ್ಣದ ಕೈಗಳನ್ನು ಕಣ್ಣಿಗೊತ್ತಿಕೊಂಡಳು.

“ನಿನ್ನ ಬಾಯಿಗೆ ಬೀಗ ಹಾಕಿದವರು ನೂರು ವರ್ಷ ಚೆನ್ನಾಗಿರಲಿ ಕಣೇ.”

ಅಂದಿನಿಂದ ಕೆಂಜಗೆರೆಯಲ್ಲಿ ಮೊದಲ ಬಣ್ಣ ಆನೆಯ ಹಣೆಗೆ, ಆಮೇಲೆ ಹುಲಿಗೆ, ಹೆಬ್ಬಾವಿಗೆ, ಆಮೇಲೆ ರಾಜನಿಗೆ. ಮುದುಕ ನಿಂಬೆಕ್ಕನ ಪಕ್ಕದಲ್ಲಿ ಕೂತು ಬೇವಿನ ಅಂಟು ಕಲಸುತ್ತಾನೆ. ಈಗ ಯಾರ ನಗುವಿಗೂ ಅವನ ಕಿವಿ ನೋಯುವುದಿಲ್ಲ. ಅವರೆಲ್ಲ ಅಲ್ಲಿ ಸುಖವಾಗಿದ್ದಾರೆ, ಕತೆ ಕೇಳಿದ ನಾವು ಇಲ್ಲಿ.